ಕೇಸ್ ಶೀಟಿನಲ್ಲಿ ಬರೆಯದ ಕಾಯಿಲೆ

ಎಸ್.ಎಲ್. ಭೈರಪ್ಪನವರು ತಮ್ಮ ಬಾಲ್ಯದ ಪ್ಲೇಗನ್ನು ಎರಡು ಸಲ ಬರೆದಿದ್ದಾರೆ. 1970ರ ‘ಗೃಹಭಂಗ’ದಲ್ಲಿ ಅದು ಕಾದಂಬರಿ, 1996ರ ‘ಭಿತ್ತಿ’ಯಲ್ಲಿ ಆತ್ಮವೃತ್ತಾಂತ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಹುಡುಗನೊಬ್ಬ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು, ವಾರಾನ್ನ ಭಿಕ್ಷಾನ್ನಗಳಲ್ಲಿ ಓದಿ ಮೇಲೆ ಬಂದದ್ದು ಕನ್ನಡದ ಓದುಗರಿಗೆಲ್ಲ ಗೊತ್ತಿರುವ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ತಾನು ಕಂಡುಂಡದ್ದನ್ನು ಮೊದಲ ಸಲ ಬರೆಯಲು ಕೂತಾಗ ಅವರು ಆ ಹುಡುಗನನ್ನು ಕಥೆಯ ನಡುವೆ ನಿಲ್ಲಿಸಲಿಲ್ಲ. ಅಲ್ಲಿ ನಿಂತವಳು ತಾಯಿ, ನಂಜಮ್ಮ.

ಕೈಲಾಗದ ಗಂಡ, ಬಾಯಿಬಡುಕಿ ಅತ್ತೆ, ಕೈತಪ್ಪಿ ಹೋದ ಹೊಲಮನೆ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ನಂಜಮ್ಮ ಮೂರು ಮಕ್ಕಳನ್ನು ಸಾಕುತ್ತಾಳೆ. ಊರಿಗೆ ಪ್ಲೇಗು ಬಂದಾಗ ಮದುವೆಯಾದ ಮಗಳು ಪಾರ್ವತಿಯೂ ಬುದ್ಧಿವಂತ ಮಗ ರಾಮಣ್ಣನೂ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಉಳಿದವನು ಕಿರಿಯವ ವಿಶ್ವ. ಅವನಿಗಾಗಿ ಆಕೆ ಮತ್ತೆ ದುಡಿಯುತ್ತಾಳೆ, ಕಡೆಗೆ ಅದೇ ರೋಗಕ್ಕೆ ಬಲಿಯಾಗುತ್ತಾಳೆ. ಓದಿ ಎಷ್ಟೋ ವರ್ಷವಾದ ಮೇಲೂ ಓದುಗರ ನೆನಪಿನಲ್ಲಿ ನಿಲ್ಲುವುದು ಆ ಎರಡು ಸಾವುಗಳ ನಂತರದ ಪುಟಗಳು: ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿ ಮರುದಿನ ಏಳುವುದು ಹೇಗೆ, ಯಾತಕ್ಕಾಗಿ ಎಂಬ ಪುಟಗಳು.

ಆ ಪುಟಗಳನ್ನು ‘ಭಿತ್ತಿ’ಯಲ್ಲಿ ಬರೆಯಲು ಬರುವುದಿಲ್ಲ. ಆತ್ಮಕಥೆ ಬರೆಯುವವನಿಗೆ ಒಂದು ಕಟ್ಟುಪಾಡಿದೆ. ತಾನು ಕಂಡದ್ದನ್ನು, ಕೇಳಿದ್ದನ್ನು, ತನಗೆ ಅನ್ನಿಸಿದ್ದನ್ನು ಮಾತ್ರ ಅವನು ಹೇಳಬಹುದು. ಅಮ್ಮನ ಮುಖ ಹೇಗಿತ್ತೆಂದು ಹೇಳಬಹುದು. ಅಮ್ಮನ ಒಳಗೆ ಏನಿತ್ತೆಂದು ಹೇಳಿದರೆ ಅದು ಊಹೆ. ತೀರಿಹೋದವರು ಆತ್ಮಕಥೆ ಬರೆಯುವುದಿಲ್ಲ. ಅವರ ಮನಸ್ಸಿನೊಳಕ್ಕೆ ಹೋಗಬೇಕಾದರೆ ಕಾದಂಬರಿಯೇ ಬೇಕು. ಕಾಯಿಲೆ, ಸಾವು, ಚೇತರಿಕೆಗಳ ಬಗ್ಗೆ ಸಾಹಿತ್ಯ ಏನನ್ನು ತಿಳಿಸಿಕೊಡುತ್ತದೆ ಎಂದು ಕೇಳುವವರು ಈ ಎರಡು ಬಗೆಯ ಬರವಣಿಗೆಯನ್ನೂ ಜೊತೆಗಿಟ್ಟುಕೊಂಡು ನೋಡಬೇಕು. ಒಂದು ಉಳಿದವರ ಸಾಕ್ಷಿ. ಇನ್ನೊಂದು, ಸಾಕ್ಷಿ ಹೇಳಲು ಯಾರೂ ಉಳಿಯದ ಜಾಗಕ್ಕೂ ಹೋಗಿ ನೋಡಿದ ಕಥೆ.

ಪ್ಲೇಗಿನ ವಿಷಯವನ್ನೇ ಇನ್ನಷ್ಟು ನೋಡೋಣ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಈ ರೋಗ 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಮುಟ್ಟಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯವಿದೆ. ಇಂದಿಗೂ ಹಲವು ಊರುಗಳಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳಿವೆ. ರೋಗಾಣುವನ್ನು 1894ರಲ್ಲೇ ಗುರುತಿಸಲಾಗಿತ್ತು. ಮುಂಬಯಿಯಲ್ಲಿ ಕುಳಿತು ಹಾಫ್‌ಕಿನ್ 1897ರಲ್ಲಿ ಲಸಿಕೆಯನ್ನೂ ತಯಾರಿಸಿದ್ದ. ಆದರೂ ಹಳ್ಳಿಯ ಜನಕ್ಕೆ ಗೊತ್ತಿದ್ದ ಉಪಾಯ ಒಂದೇ. ಇಲಿ ಬಿತ್ತೆಂದರೆ ಊರು ಬಿಡುವುದು, ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು. ಆರೋಗ್ಯ ಇಲಾಖೆಯ ಹಳೆಯ ವರದಿಗಳಲ್ಲಿ ಸತ್ತವರ ಸಂಖ್ಯೆ ಸಿಗುತ್ತದೆ. ಆ ಗುಡಿಸಲಿನಲ್ಲಿ ರಾತ್ರಿ ಮಗುವಿನ ಮೈ ಮುಟ್ಟಿ ನೋಡಿ ಬಿಸಿಯಾಗಿದೆಯೆಂದು ತಿಳಿದ ತಾಯಿಗೆ ಏನಾಯಿತು ಎಂಬುದು ಸಿಗುವುದಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅದೇ ರೋಗವನ್ನು ಬೇರೆ ಕಡೆಯಿಂದ ನೋಡುತ್ತದೆ. ದೂರ್ವಾಸಪುರದ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಇಲಿಗಳು ಹೊರಬಂದು ಗಿರಕಿ ಹೊಡೆದು ಬೀಳುತ್ತವೆ, ಹದ್ದುಗಳು ಸೂರಿನ ಮೇಲೆ ಕೂರುತ್ತವೆ. ಅಗ್ರಹಾರದವರು ಶಂಖ ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುತ್ತಾರೆ. ಹೆಣ ಕೊಳೆಯುತ್ತಿರುವಾಗ ಅವರ ಚರ್ಚೆಯೆಲ್ಲ ಸಂಸ್ಕಾರ ಮಾಡಬೇಕಾದವರು ಯಾರು, ಪಾಪ ಯಾರಿಗೆ ತಟ್ಟುತ್ತದೆ ಎಂಬುದರ ಸುತ್ತ. ಅಗ್ರಹಾರದ ಹೊರಗಿನ ಕೇರಿಯಲ್ಲೂ ಜನ ಸಾಯುತ್ತಾರೆ. ಅಲ್ಲಿನ ಹೆಣ್ಣು ಬೆಳ್ಳಿಯ ಅಪ್ಪ ಅಮ್ಮ ತೀರಿಕೊಂಡಾಗ ಗುಡಿಸಲ ಸಮೇತ ಸುಡಲಾಗುತ್ತದೆ. ಆ ಸಾವುಗಳಿಗೂ ತಮ್ಮ ಅಗ್ರಹಾರದ ಸಾವಿಗೂ ಸಂಬಂಧವಿದೆಯೆಂದು ಬ್ರಾಹ್ಮಣರ ಕೇರಿಗೆ ಹೊಳೆಯುವುದಿಲ್ಲ. ಈ ಕಾದಂಬರಿಯನ್ನು ಜಾತಿಯ, ಧರ್ಮದ, ಕಾಮದ ಕಥೆಯಾಗಿ ಓದಿದವರು ಬಹಳ. ಅದನ್ನು ಸಾಂಕ್ರಾಮಿಕ ರೋಗದ ಕಥೆಯಾಗಿಯೂ ಓದಬೇಕು. ರೋಗವನ್ನು ಪಾಪದ ಫಲವೆಂದು ತಿಳಿದ ಸಮಾಜ ರೋಗವನ್ನು ರೋಗವಾಗಿ ಕಾಣಲಾರದೆ ಹೇಗೆ ಸಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕನ್ನಡದಲ್ಲಿಲ್ಲ.

ಅಮೆರಿಕದ ಸೂಸನ್ ಸಾಂಟಾಗ್ 1978ರಲ್ಲಿ ಪ್ರಕಟಿಸಿದ ‘ಇಲ್ನೆಸ್ ಆ್ಯಸ್ ಮೆಟಫರ್’ ಪುಸ್ತಕದ ವಾದವೂ ಇದರ ಹತ್ತಿರದ್ದೇ. ಕ್ಷಯವನ್ನು ಒಂದು ಕಾಲದಲ್ಲಿ ಸೂಕ್ಷ್ಮ ಮನಸ್ಸಿನವರ, ಕವಿಗಳ ರೋಗವೆಂದು ಬಣ್ಣಿಸಿದರು. ಕ್ಯಾನ್ಸರನ್ನು ಭಾವನೆಗಳನ್ನು ಅದುಮಿಟ್ಟುಕೊಂಡವರಿಗೆ ಬರುವ ರೋಗವೆಂದರು. ಹೀಗೆ ಕಾಯಿಲೆಗೆ ಇಲ್ಲದ ಅರ್ಥ ಹಚ್ಚಿದರೆ ರೋಗಿಗೆ ಕಾಯಿಲೆಯ ಜೊತೆಗೆ ತಪ್ಪಿತಸ್ಥ ಭಾವವೂ ಅಂಟಿಕೊಳ್ಳುತ್ತದೆ ಎಂದು ಆಕೆ ಎಚ್ಚರಿಸಿದರು. ಇದು ಪುಸ್ತಕದ ಓದಿನಿಂದ ಮಾತ್ರ ಬಂದ ವಾದವಾಗಿರಲಿಲ್ಲ. ಅದಕ್ಕೆ ತುಸು ಮುಂಚೆ ಸಾಂಟಾಗ್ ಅವರಿಗೇ ಸ್ತನ ಕ್ಯಾನ್ಸರಿನ ಚಿಕಿತ್ಸೆಯಾಗಿತ್ತು. ಆದರೂ ತನ್ನ ಕಾಯಿಲೆಯ ಕಥೆಯನ್ನು ಅವರು ಅದರೊಳಗೆ ಹೇಳಲಿಲ್ಲ.

ಆ ಕಥೆಯ ಕೊನೆಯ ಭಾಗವನ್ನು ಹೇಳಿದವನು ಮಗ ಡೇವಿಡ್ ರೀಫ್. 2004ರಲ್ಲಿ ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ ಸಾಂಟಾಗ್ ತಾನು ಸಾಯುತ್ತೇನೆಂಬುದನ್ನು ಒಪ್ಪಲು ಸಿದ್ಧರಿರಲಿಲ್ಲ. ಇನ್ನೊಂದು ಚಿಕಿತ್ಸೆ, ಮತ್ತೊಂದು ದಾರಿ ಎಂದು ಹುಡುಕುತ್ತಲೇ ಇದ್ದರು; ಸುತ್ತಲಿದ್ದವರು ಆ ಆಸೆಯನ್ನು ಕಾಪಾಡಬೇಕಾಗಿತ್ತು. ತಾನು ಮಾಡಿದ್ದು ಸರಿಯೇ, ಸತ್ಯ ಹೇಳಬೇಕಿತ್ತೇ ಎಂದು ಮಗ ತನ್ನ ನೆನಪಿನ ಪುಸ್ತಕದಲ್ಲಿ ಕೇಳಿಕೊಳ್ಳುತ್ತಾನೆ. ನಮ್ಮ ಮನೆಗಳಲ್ಲಿ ಡಾಕ್ಟರನ್ನು ಕಾರಿಡಾರಿಗೆ ಕರೆದು ‘ಅವರಿಗೆ ಹೇಳಬೇಡಿ’ ಎಂದು ಪಿಸುಗುಟ್ಟುವ ಮಕ್ಕಳಿಗೆ, ಕ್ಯಾನ್ಸರ್ ಎಂಬ ಹೆಸರನ್ನೇ ಎತ್ತದೆ ‘ದೊಡ್ಡ ಕಾಯಿಲೆ’ ಎನ್ನುವ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ.

ಹೇಳದೆ ಮುಚ್ಚಿಡುವುದು ರೋಗಿಗೆ ಹೇಗೆ ಕಾಣುತ್ತದೆ? ಇದನ್ನು ಬಲ್ಲವನು ಟಾಲ್‌ಸ್ಟಾಯ್. 1886ರಲ್ಲಿ ಪ್ರಕಟವಾದ ‘ಇವಾನ್ ಇಲಿಚನ ಸಾವು’ ಎಂಬ ಪುಟ್ಟ ಕಾದಂಬರಿ ಸಾವಿನ ಸುದ್ದಿಯಿಂದಲೇ ಶುರುವಾಗುತ್ತದೆ. ನ್ಯಾಯಾಧೀಶ ಇವಾನ್ ಇಲಿಚ್ ನಲವತ್ತೈದಕ್ಕೇ ತೀರಿಕೊಂಡಿದ್ದಾನೆ. ಸಹೋದ್ಯೋಗಿಗಳ ಮನಸ್ಸಿಗೆ ಮೊದಲು ಬರುವುದು ಯಾರಿಗೆ ಬಡ್ತಿ, ಯಾರಿಗೆ ವರ್ಗ ಎಂಬ ಲೆಕ್ಕ. ಹೆಂಡತಿಗೆ ಪಿಂಚಣಿಯ ಚಿಂತೆ. ಆಮೇಲೆ ಕಥೆ ಹಿಂದಕ್ಕೆ ಹೋಗುತ್ತದೆ. ಹೊಸ ಮನೆಗೆ ಪರದೆ ಕಟ್ಟಿಸುವಾಗ ಜಾರಿ ಪಕ್ಕೆಗೆ ಸಣ್ಣ ಪೆಟ್ಟು, ಕ್ರಮೇಣ ನೋವು, ಡಾಕ್ಟರುಗಳ ಸಾಲು. ಮೂತ್ರಪಿಂಡವೋ ಕರುಳೋ ಎಂದು ಅವರು ತರ್ಕ ಮಾಡುತ್ತಾರೆ. ಅವನು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ: ಇದು ಅಪಾಯವೋ ಅಲ್ಲವೋ? ಅದಕ್ಕೆ ಉತ್ತರವಿಲ್ಲ. ಕೋರ್ಟಿನಲ್ಲಿ ತಾನು ಆರೋಪಿಗಳನ್ನು ಯಾವ ಗತ್ತಿನಿಂದ ನೋಡುತ್ತಿದ್ದನೋ ಅದೇ ಗತ್ತಿನಿಂದ ಡಾಕ್ಟರು ತನ್ನನ್ನು ನೋಡುತ್ತಿದ್ದಾನೆಂದು ಇವಾನನಿಗೆ ತಟ್ಟನೆ ತಿಳಿಯುವ ಜಾಗ ಈ ಕಥೆಯ ಅತ್ಯಂತ ಕಟುವಾದ ಕ್ಷಣ.

ಅವನನ್ನು ಹೆಚ್ಚು ಹಿಂಸಿಸಿದ್ದು ನೋವಲ್ಲ, ಮನೆಯವರ ಸುಳ್ಳು. ನೀನು ಸಾಯುತ್ತಿಲ್ಲ, ಹುಷಾರಿಲ್ಲ ಅಷ್ಟೆ, ಔಷಧ ಸರಿಯಾಗಿ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲರೂ ನಟಿಸುತ್ತಾರೆ, ಅವನೂ ಆ ನಾಟಕದಲ್ಲಿ ಪಾತ್ರ ವಹಿಸಬೇಕು. ಸುಳ್ಳಾಡದವನು ಒಬ್ಬನೇ, ಹಳ್ಳಿಯಿಂದ ಬಂದ ಆಳು ಗೆರಾಸಿಮ್. ಮಲಮೂತ್ರ ತೆಗೆಯುವ ಕೆಲಸವನ್ನು ಅವನು ಮುಖ ಸಿಂಡರಿಸದೆ ಮಾಡುತ್ತಾನೆ. ಕಾಲು ಮೇಲೆತ್ತಿದರೆ ನೋವು ಕಡಿಮೆ ಅನ್ನಿಸುತ್ತದೆಂದು ಒಡೆಯನ ಕಾಲುಗಳನ್ನು ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂರುತ್ತಾನೆ. ನೋವು ಶಮನದ ಚಿಕಿತ್ಸೆ, ಅಂದರೆ ಇಂದಿನ ಪ್ಯಾಲಿಯೇಟಿವ್ ಕೇರ್, ಒಂದು ವೈದ್ಯಶಾಖೆಯಾಗಿ ರೂಪುಗೊಳ್ಳುವುದಕ್ಕೆ ಹಲವು ದಶಕ ಮೊದಲೇ ಟಾಲ್‌ಸ್ಟಾಯ್ ಅದರ ತಿರುಳನ್ನು ಗೆರಾಸಿಮನ ಹೆಗಲಿನ ಮೇಲಿಟ್ಟು ತೋರಿಸಿದ್ದಾನೆ. ಕಥೆ ಬರೆದಾಗ ಟಾಲ್‌ಸ್ಟಾಯ್ ಸಾಯುತ್ತಿರಲಿಲ್ಲ. ಇನ್ನೂ ಇಪ್ಪತ್ತನಾಲ್ಕು ವರ್ಷ ಬದುಕಿದ. ಸಾಯುವವನ ಕೊನೆಯ ಉಸಿರಿನವರೆಗೆ ಅವನ ಒಳಗೇ ಇದ್ದು ಬರೆಯಲು ಸಾಧ್ಯವಾದದ್ದು ಅದು ಕಲ್ಪನೆಯಾದದ್ದರಿಂದಲೇ.

ನಿಜವಾಗಿ ಸಾಯುತ್ತಿರುವವರು ಬರೆದರೆ ಪುಸ್ತಕ ಅರ್ಧಕ್ಕೆ ನಿಲ್ಲುತ್ತದೆ. ಭಾರತೀಯ ಮೂಲದ ಅಮೆರಿಕನ್ ನರಶಸ್ತ್ರವೈದ್ಯ ಪಾಲ್ ಕಲಾನಿಧಿ ಮೊದಲು ಇಂಗ್ಲಿಷ್ ಸಾಹಿತ್ಯ ಓದಿ, ಆಮೇಲೆ ವೈದ್ಯಕೀಯಕ್ಕೆ ಬಂದವರು. ಸ್ಟ್ಯಾನ್‌ಫರ್ಡ್‌ನಲ್ಲಿ ತರಬೇತಿಯ ಕೊನೆಯ ಹಂತದಲ್ಲಿದ್ದಾಗ, 36ನೇ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ನಿನ್ನೆಯವರೆಗೆ ಬೇರೆಯವರ ಸ್ಕ್ಯಾನ್ ನೋಡಿ ಆಯಸ್ಸು ಅಳೆಯುತ್ತಿದ್ದವನು ಈಗ ತನ್ನದೇ ಸ್ಕ್ಯಾನ್ ನೋಡಬೇಕು. 2015ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ‘ವೆನ್ ಬ್ರೆತ್ ಬಿಕಮ್ಸ್ ಏರ್’ ಇನ್ನೂ ಮುಗಿದಿರಲಿಲ್ಲ. ಮಾರನೆಯ ವರ್ಷ ಪುಸ್ತಕ ಹೊರಬಂದಾಗ ಕೊನೆಯ ದಿನಗಳನ್ನು ಬರೆದವರು ಹೆಂಡತಿ ಲೂಸಿ. ಆ ಅಪೂರ್ಣತೆಯೇ ಆತ್ಮಕಥನದ ಗಡಿ ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜ್ಯಾಂ ಡೊಮಿನಿಕ್ ಬೊಬಿ 1995ರಲ್ಲಿ ಲಕ್ವ ಹೊಡೆದು ಇಡೀ ದೇಹ ಸ್ತಬ್ಧವಾದ ಮೇಲೆ, ಎಡಗಣ್ಣಿನ ರೆಪ್ಪೆಯೊಂದನ್ನೇ ಮಿಟುಕಿಸಿ ಅಕ್ಷರ ಅಕ್ಷರವಾಗಿ ಪುಸ್ತಕ ಹೇಳಿ ಬರೆಸಿದರು. ಅದು ಪ್ರಕಟವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಕನ್ನಡದಲ್ಲಿ ಇಂಥ ಛಲದ ಉದಾಹರಣೆ ಬೇಕೆಂದರೆ ನಿರಂಜನ ಇದ್ದಾರೆ. 1970ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಅವರ ಮೈಯನ್ನು ಹಿಡಿದು ಹಾಕಿತು. ಪ್ರಾಚೀನ ಈಜಿಪ್ಟಿನ ಬಂಡಾಯದ ಕಥೆ ಹೇಳುವ ‘ಮೃತ್ಯುಂಜಯ’ ಕಾದಂಬರಿಯೂ, ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ದ ಸಂಪಾದನೆಯೂ ಬಂದದ್ದು ಆ ನಂತರ. ಅವರ ಪತ್ನಿ ಅನುಪಮಾ ನಿರಂಜನ ಸ್ವತಃ ವೈದ್ಯೆ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳ ಮೂಲಕ ಕನ್ನಡದ ಹೆಣ್ಣುಮಕ್ಕಳಿಗೆ ತಮ್ಮ ದೇಹದ ಬಗ್ಗೆ ಸಂಕೋಚವಿಲ್ಲದೆ ತಿಳಿಸಿಕೊಟ್ಟವರು. ಗಂಡನ ಕಾಯಿಲೆಯ ಜೊತೆ ವರ್ಷಗಟ್ಟಲೆ ಬಾಳಿದ ಅವರನ್ನು 1991ರಲ್ಲಿ ಕ್ಯಾನ್ಸರ್ ಕರೆದೊಯ್ದಿತು. ಈ ಒಂದು ಮನೆಯ ಕಥೆಯನ್ನು ನೋಡಿದರೂ ಸಾಕು, ಕಾಯಿಲೆ ಒಬ್ಬರ ಮೈಗೆ ಬಂದರೂ ಇಡೀ ಮನೆಯ ದಿನಚರಿಯನ್ನು ಅದೇ ಬರೆಯುತ್ತದೆ ಎಂಬುದು ಗೊತ್ತಾಗುತ್ತದೆ.

ಕಾಯಿಲೆ ವಾಸಿಯಾದ ಮೇಲೆ? ಆಸ್ಪತ್ರೆಯ ಲೆಕ್ಕದಲ್ಲಿ ಡಿಸ್ಚಾರ್ಜ್ ಸಮ್ಮರಿ ಕೈಗೆ ಕೊಟ್ಟಲ್ಲಿಗೆ ಕಥೆ ಮುಗಿಯಿತು. ತ್ರಿವೇಣಿಯವರ ‘ಶರಪಂಜರ’ದಲ್ಲಿ ನಿಜವಾದ ಕಥೆ ಅಲ್ಲಿಂದ ಶುರುವಾಗುತ್ತದೆ.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ, ಮನಸ್ಸಿನ ಕಾಯಿಲೆಗಳನ್ನು ದೆವ್ವ ಭೂತಗಳ ಕೈಯಿಂದ ಬಿಡಿಸಿ ಕನ್ನಡ ಕಾದಂಬರಿಗೆ ತಂದವರು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಸ್ತಿಮಿತ ತಪ್ಪುತ್ತದೆ. ಹಳ್ಳಿಯವರು ಬಾಣಂತಿ ಸನ್ನಿ ಎನ್ನುವ ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಕಾವೇರಿಯೂ ಚೇತರಿಸಿಕೊಳ್ಳುತ್ತಾಳೆ. ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಆಗ ಎಲ್ಲರ ಕಣ್ಣೂ ಅವಳ ಮೇಲೆ. ನಕ್ಕರೆ ಯಾಕೆ ನಕ್ಕಳು, ಸಿಟ್ಟು ಬಂದರೆ ಮತ್ತೆ ಶುರುವಾಯಿತೇನೋ. ನೆರೆಯವರು ದೂರ ಸರಿಯುತ್ತಾರೆ, ಗಂಡ ಹತ್ತಿರ ಸುಳಿಯುವುದಿಲ್ಲ. ವಾಸಿಯಾದವಳನ್ನು ವಾಸಿಯಾದವಳೆಂದು ಯಾರೂ ಒಪ್ಪದಿದ್ದಾಗ ಅವಳ ಮನಸ್ಸು ಮತ್ತೆ ಮುರಿಯುತ್ತದೆ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಅಳದ ಹೆಣ್ಣುಮಕ್ಕಳಿರಲಿಲ್ಲ. ಅಳು ಬೇರೆ, ಅರಿವು ಬೇರೆ. ತ್ರಿವೇಣಿ ಹೇಳಿದ್ದನ್ನು ಮನೋವೈದ್ಯರು ಇಂದಿಗೂ ಪ್ರತಿ ಕುಟುಂಬಕ್ಕೂ ಬಿಡಿಸಿ ಹೇಳಬೇಕಾಗಿದೆ: ಮಾತ್ರೆಯ ಕೆಲಸ ಮಾತ್ರೆ ಮಾಡುತ್ತದೆ, ಮನೆಯ ಕೆಲಸವನ್ನು ಮನೆಯವರೇ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ಇಂಥ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡಿದೆ. ಅಂಥದ್ದೊಂದು ಕಾವೇರಿಯ ಕಾಲಕ್ಕಿದ್ದಿದ್ದರೆ ಎಂದು ಅನ್ನಿಸದೆ ಇರದು. ತ್ರಿವೇಣಿಯವರ ಬದುಕೂ ಬಾಣಂತನದಲ್ಲೇ ಮುಗಿಯಿತು. 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೈದೂ ತುಂಬಿರಲಿಲ್ಲ.

ದುಃಖದ ವಿಷಯಕ್ಕೆ ಬಂದರೆ, ಅದಕ್ಕೆ ಮೊದಲು ಬೇಕಾದದ್ದು ಕೇಳುವ ಕಿವಿ. ಚೆಕಾವ್ ವೃತ್ತಿಯಿಂದ ವೈದ್ಯ, ತಾನೇ ಕ್ಷಯರೋಗಿ. 1904ರಲ್ಲಿ ಸತ್ತಾಗ ನಲವತ್ನಾಲ್ಕು ವರ್ಷ. 1886ರಲ್ಲಿ ಅವನು ಬರೆದ ಒಂದು ಸಣ್ಣ ಕಥೆಯಲ್ಲಿ ಬಾಡಿಗೆ ಸ್ಲೆಡ್ಜ್ ಓಡಿಸುವ ಮುದುಕ ಅಯೋನನ ಮಗ ಅದೇ ವಾರ ತೀರಿಕೊಂಡಿದ್ದಾನೆ. ಗಾಡಿ ಹತ್ತಿದವರಿಗೆಲ್ಲ ಅವನು ಅದನ್ನು ಹೇಳಲು ಬಾಯಿ ತೆರೆಯುತ್ತಾನೆ. ಯಾರಿಗೂ ಪುರುಸೊತ್ತಿಲ್ಲ. ರಾತ್ರಿ ಲಾಯಕ್ಕೆ ಹೋಗಿ ಮೇವು ಮೆಲ್ಲುತ್ತಿರುವ ಕುದುರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಕಥೆ ಇಷ್ಟೇ. ಇದರ ಜೊತೆಗೆ ಒಂದು ಅಧ್ಯಯನವನ್ನು ಓದಿಕೊಳ್ಳಬೇಕು. 1984ರಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಎಂಬ ಅಮೆರಿಕನ್ ಸಂಶೋಧಕರು 74 ಭೇಟಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ರೋಗಿ ತನ್ನ ತೊಂದರೆ ಹೇಳಲು ಶುರುಮಾಡಿದ ಸರಾಸರಿ 18 ಸೆಕೆಂಡಿನಲ್ಲಿ ಡಾಕ್ಟರು ಅಡ್ಡ ಬಾಯಿ ಹಾಕಿದ್ದರು.

ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ (2005) ಇನ್ನೊಂದು ಸತ್ಯವನ್ನು ಬಿಚ್ಚಿಡುತ್ತದೆ. 2003ರ ಡಿಸೆಂಬರ್ 30ರ ರಾತ್ರಿ ನ್ಯೂಯಾರ್ಕಿನ ಮನೆಯಲ್ಲಿ ಊಟಕ್ಕೆ ಕೂತಿದ್ದ ಗಂಡ, ಲೇಖಕ ಜಾನ್ ಗ್ರೆಗರಿ ಡನ್, ಮಾತಾಡುತ್ತಲೇ ಕುಸಿದು ತೀರಿಕೊಂಡ. ಮಗಳು ಆಸ್ಪತ್ರೆಯ ಐಸಿಯುನಲ್ಲಿದ್ದಳು. ಡಿಡಿಯನ್ ಎಲ್ಲವನ್ನೂ ಸಮರ್ಥವಾಗಿ ನಿಭಾಯಿಸಿದರು. ಬಟ್ಟೆಗಳನ್ನು ದಾನ ಮಾಡಲೂ ಕೂತರು. ಚಪ್ಪಲಿ ಬೂಟುಗಳ ಹತ್ತಿರ ಬಂದಾಗ ಕೈ ನಿಂತಿತು. ವಾಪಸ್ಸು ಬಂದರೆ ಅವನಿಗೆ ಬೇಕಾಗುತ್ತದಲ್ಲ! ಅಷ್ಟು ತೀಕ್ಷ್ಣ ಬುದ್ಧಿಯ ಪತ್ರಕರ್ತೆಯೊಳಗೂ ಸಾವನ್ನು ನಂಬದ ಇನ್ನೊಂದು ಮನಸ್ಸಿತ್ತು ಎಂಬುದನ್ನು ಅವರು ಮುಚ್ಚಿಡದೆ ಬರೆದರು. ದುಃಖದಲ್ಲಿರುವವರು ತಮಗೆ ಹುಚ್ಚು ಹಿಡಿಯುತ್ತಿದೆಯೇ ಎಂದು ಹೆದರುವುದುಂಟು. ಅಂಥವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಯಾವ ಸಲಹಾ ಪುಸ್ತಕದಲ್ಲೂ ಸಿಗಲಾರದು.

ಡಿಡಿಯನ್ ವೈದ್ಯಕೀಯ, ಮನಶ್ಶಾಸ್ತ್ರದ ಲೇಖನಗಳನ್ನೆಲ್ಲ ಹುಡುಕಿ ಓದಿದರು. ಕಡೆಗೆ ಅವರಿಗೆ ಹಿಡಿಸಿದ್ದು 1922ರಲ್ಲಿ ಎಮಿಲಿ ಪೋಸ್ಟ್ ಬರೆದ ಶಿಷ್ಟಾಚಾರದ ಪುಸ್ತಕದಲ್ಲಿನ ಅಂತ್ಯಕ್ರಿಯೆಯ ಅಧ್ಯಾಯ. ಸಾವಿನ ಮನೆಯವರನ್ನು ಬೆಚ್ಚಗಿಡಿ, ಕೇಳದೆಯೇ ಬಿಸಿಯಾಗಿ ಸ್ವಲ್ಪ ಕುಡಿಯಲು ಕೊಡಿ ಎಂಬಂಥ ಸರಳ ತಿಳಿವಳಿಕೆ ಅದರಲ್ಲಿತ್ತು. ನಮ್ಮ ಕಡೆ ಇದನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರು, ನೆಂಟರು ಅನ್ನ ಸಾರು ತಂದು, ಒಲ್ಲೆನೆಂದರೂ ಎರಡು ತುತ್ತು ಉಣ್ಣಿಸುತ್ತಾರೆ. ಹನ್ನೊಂದು, ಹದಿಮೂರನೆಯ ದಿನದ ತನಕ ಮನೆ ತುಂಬ ಜನ. ಕಷ್ಟ ಶುರುವಾಗುವುದು ಎಲ್ಲರೂ ಬಸ್ಸು ಹತ್ತಿದ ಮೇಲೆ. ಡಿಡಿಯನ್ ಪುಸ್ತಕದ ಬಹುಪಾಲು ಆ ಉಳಿದ ದಿನಗಳದ್ದು.

ಈ ಉಳಿದ ದಿನಗಳಿಗೆ ಒಂದು ವೇಳಾಪಟ್ಟಿ ಇದೆಯೆಂದು ಬಹಳ ಜನ ನಂಬಿದ್ದಾರೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ವಾಟ್ಸ್ಆ್ಯಪ್‌ನಲ್ಲೂ ಓದಬಹುದು. ಮನೋವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಇದನ್ನು ಬರೆದದ್ದು ಸಾಯುತ್ತಿರುವ ರೋಗಿಗಳ ಜೊತೆ ಮಾತಾಡಿ, ಅವರ ಬಗ್ಗೆ. ಉಳಿದವರ ದುಃಖಕ್ಕೆ ಅದನ್ನು ಹಚ್ಚಿದ್ದು ಆಮೇಲೆ. ದುಃಖ ಈ ಕ್ರಮದಲ್ಲೇ ಸಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಗಟ್ಟಿ ಆಧಾರವಿಲ್ಲ. ನಂಜಮ್ಮನಲ್ಲಾಗಲಿ ಡಿಡಿಯನ್‌ರಲ್ಲಾಗಲಿ ಹಂತಗಳು ಕಾಣುವುದಿಲ್ಲ. ಒಂದು ದಿನ ತಣ್ಣಗಿದ್ದು ಮರುದಿನ ಬೂಟಿನ ಮುಂದೆ ಕುಸಿಯುವುದು ಕಾಣುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2022ರ ತನ್ನ ಕೈಪಿಡಿಯಲ್ಲಿ ದೀರ್ಘಕಾಲದ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಿದೆ. ದೊಡ್ಡವರಲ್ಲಿ ಅದನ್ನು ಗುರುತಿಸಲು ಸಾವಿನ ನಂತರ ಕನಿಷ್ಠ ಒಂದು ವರ್ಷ ಕಳೆದಿರಬೇಕು. ನಿಜಕ್ಕೂ ಬದುಕು ನಿಂತುಹೋದವರಿಗೆ ಚಿಕಿತ್ಸೆಯ ಬಾಗಿಲು ತೆರೆಯಿತೆಂಬ ಕಾರಣಕ್ಕೆ ಇದು ಒಳ್ಳೆಯದೇ. ಆದರೆ ವರ್ಷಾಬ್ದಿಕ ಕಳೆದ ಮೇಲೂ ಮಗನ ಫೋಟೋ ಒರೆಸುತ್ತ ಕೂರುವ ತಾಯಿಯನ್ನೆಲ್ಲ ರೋಗಿಯೆಂದು ಕರೆಯುವ ಮೊದಲು ವೈದ್ಯರು ಒಂದೆರಡು ಕಾದಂಬರಿ ಓದಿರಬೇಕು.

ಸಾಂಟಾಗ್ ತನ್ನ ಕಾಯಿಲೆಯ ಕಥೆಯನ್ನು ಬದಿಗಿಟ್ಟು ವಾದ ಮಂಡಿಸಿದರು. ಕನ್ನಡದಲ್ಲಿ ಬಿ.ವಿ. ಭಾರತಿ ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನೇ ‘ಸಾಸಿವೆ ತಂದವಳು’ ಎಂದು ಪುಸ್ತಕವಾಗಿಸಿದರು. ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಗಂಟು ಕೈಗೆ ಸಿಕ್ಕರೂ ನಾಚಿಕೆಗೆ, ಭಯಕ್ಕೆ ಯಾರಿಗೂ ಹೇಳದೆ ತಡವಾಗಿ ಆಸ್ಪತ್ರೆಗೆ ಬರುವವರು ಇಂದಿಗೂ ಬಹಳ. ಅಂಥ ಸಮಾಜದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹೆಸರು ಹಾಕಿ ಇದನ್ನು ಬರೆಯುವುದೇ ಒಂದು ಆರೋಗ್ಯ ಸೇವೆ. ಪುಸ್ತಕದ ಹೆಸರು ಕಿಸಾಗೋತಮಿಯನ್ನು ನೆನಪಿಸುತ್ತದೆ. ಸತ್ತ ಮಗುವನ್ನು ಬದುಕಿಸಿಕೊಡೆಂದು ಬಂದವಳಿಗೆ ಬುದ್ಧ, ಸಾವಿಲ್ಲದ ಮನೆಯ ಸಾಸಿವೆ ತಾ ಎಂದ. ಅವಳು ಬರಿಗೈಯಲ್ಲಿ ಮರಳಿದಳೆಂದು ಎಲ್ಲರೂ ಹೇಳುತ್ತಾರೆ. ಮನೆ ಮನೆಯ ಬಾಗಿಲಲ್ಲಿ ನಿಂತು ಅವಳು ಎಷ್ಟು ಜನರ ಸಾವಿನ ಕಥೆ ಕೇಳಿಸಿಕೊಂಡಿರಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಮದ್ದು ಸಿಕ್ಕಿದ್ದರೆ ಅದು ಆ ಬಾಗಿಲುಗಳಲ್ಲೇ.

ಇಂಥ ಪುಸ್ತಕಗಳನ್ನು ಮೆಚ್ಚುವ ಭರದಲ್ಲಿ ‘ಕ್ಯಾನ್ಸರ್ ಗೆದ್ದವರು’ ಎಂಬ ತಲೆಬರಹವನ್ನು ಪತ್ರಿಕೆಗಳು ಸುಲಭವಾಗಿ ಬಳಸುತ್ತವೆ. ಗೆದ್ದವರಿದ್ದರೆ ಸೋತವರೂ ಇರಬೇಕಲ್ಲ. ಕಲಾನಿಧಿಯಾಗಲಿ ಅನುಪಮಾ ಅವರಾಗಲಿ ಧೈರ್ಯ ಸಾಲದೆ ಸಾಯಲಿಲ್ಲ. ಈ ತಲೆಬರಹವನ್ನು ಕೈಬಿಡುವುದು ಒಳ್ಳೆಯದು.

ಓದಿನಿಂದ, ಬರೆಯುವುದರಿಂದ ಆರೋಗ್ಯ ಸುಧಾರಿಸುತ್ತದೆಯೇ? ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಆಘಾತಗಳ ಬಗ್ಗೆ ಬರೆದರು. ನಡೆದ ಘಟನೆಯನ್ನೂ ತಮಗಾದ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಆಮೇಲೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ಇದೆ, ಆದರೆ ಚಿಕ್ಕದು ಎಂದು ತಿಳಿಯಿತು. ಗಂಭೀರ ಸಾಹಿತ್ಯದ ತುಣುಕು ಓದಿದವರು ಇನ್ನೊಬ್ಬರ ಮನಸ್ಸನ್ನು ಹೆಚ್ಚು ಚೆನ್ನಾಗಿ ಗ್ರಹಿಸುತ್ತಾರೆಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ದೊಡ್ಡ ಸುದ್ದಿಯಾಯಿತು; ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಸಾಹಿತ್ಯವನ್ನು ಮಾತ್ರೆಯಂತೆ ಅಳೆಯಲು ಹೊರಟರೆ ಆಗುವುದು ಹೀಗೇ. ಒಂದು ಪುಟ ಓದಿ ಯಾರೂ ಕರುಣಾಳುವಾಗುವುದಿಲ್ಲ. ‘ಗೃಹಭಂಗ’ವನ್ನು ಹದಿನೆಂಟಕ್ಕೆ ಓದಿದವರು ತಮ್ಮ ಮನೆಯಲ್ಲಿ ಸಾವಾದ ಮೇಲೆ ನಲವತ್ತಕ್ಕೆ ಮತ್ತೆ ಓದಿದಾಗ ಸಿಗುವುದನ್ನು ಯಾವ ಪ್ರಯೋಗಶಾಲೆ ಅಳೆದೀತು?

ಸಾಹಿತ್ಯದ ಓದು ವೈದ್ಯರಿಗೂ ಬೇಕೆಂಬ ಮಾತನ್ನು ವೈದ್ಯಕೀಯ ಶಿಕ್ಷಣ ತಡವಾಗಿಯಾದರೂ ಒಪ್ಪಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಶಾರನ್ 2000ದಿಂದ ಕಟ್ಟಿಕೊಂಡು ಬಂದ ‘ನರೇಟಿವ್ ಮೆಡಿಸಿನ್’ ಪಾಠಕ್ರಮದಲ್ಲಿ ವೈದ್ಯರಾಗುವವರು ಕಥೆ, ಕಾದಂಬರಿಗಳನ್ನು ಸೂಕ್ಷ್ಮವಾಗಿ ಓದಿ, ರೋಗಿಯ ಮಾತು ಕೇಳುವುದನ್ನು ಕಲಿಯುತ್ತಾರೆ. ಭಾರತದಲ್ಲೂ 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ನಡವಳಿಕೆ, ನೈತಿಕತೆ ಮತ್ತು ಸಂವಹನಕ್ಕೆ ಮೀಸಲಾದ ‘ಎಟ್‌ಕಾಮ್’ ತರಗತಿಗಳು ಕಡ್ಡಾಯವಾಗಿವೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳು ಆ ಗಂಟೆಗಳನ್ನು ಸ್ಲೈಡು ತೋರಿಸಿ ಕಳೆಯಬಾರದು. ‘ಶರಪಂಜರ’ದ ಎರಡು ಅಧ್ಯಾಯ, ‘ಗೃಹಭಂಗ’ದ ಪ್ಲೇಗಿನ ಭಾಗ, ‘ಸಾಸಿವೆ ತಂದವಳು’ ಪುಸ್ತಕದ ಕೆಲವು ಪುಟಗಳನ್ನು ತರಗತಿಯಲ್ಲಿ ಜೋರಾಗಿ ಓದಿಸಿ ಚರ್ಚೆ ಮಾಡಿಸಬೇಕು. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳಿಗೆ ನಾಳೆ ಒಪಿಡಿಯಲ್ಲಿ ಎದುರಾಗುವ ರೋಗಿಗಳ ಕನ್ನಡವೂ ಇದರಿಂದ ಕಿವಿಗೆ ಬೀಳುತ್ತದೆ. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ, ಪುಸ್ತಕಗಳು ಗ್ರಂಥಾಲಯದಲ್ಲಿವೆ. ಕಾಲೇಜುಗಳು ಮುಂದಿನ ಬ್ಯಾಚಿನಿಂದಲೇ ಇದನ್ನು ಆರಂಭಿಸಬೇಕು.